ದಿನ ತುಂಬುವುದು, ಡೇಟ್ ದಾಟುವುದು

ಹೆರಿಗೆಯ ಕಾಲ ಸಮೀಪಿಸಿದ ಹೆಣ್ಣನ್ನು ಕನ್ನಡ 'ದಿನ ತುಂಬಿದವಳು' ಎಂದು ಕರೆಯುತ್ತದೆ. ಮರಾಠಿಯೂ 'ದಿವಸ್ ಭರಲೇ' ಎಂದು ಹೆಚ್ಚುಕಡಿಮೆ ಅದೇ ಮಾತನ್ನು ಆಡುತ್ತದೆ. ಕೊಡ ತುಂಬುವಂತೆ, ಕೆರೆ ತುಂಬುವಂತೆ ದಿನವೂ ತುಂಬುತ್ತದೆಂಬ ಈ ಕಲ್ಪನೆಯಲ್ಲಿ ನಿಗದಿಯಾದ ಗಳಿಗೆಯೊಂದಿಲ್ಲ; ತುಂಬಿದ್ದು ಯಾವಾಗ ತುಳುಕೀತೆಂದು ಯಾರೂ ಮುಂಚಿತವಾಗಿ ಹೇಳಲಾರರೆಂಬ ಒಪ್ಪಿಗೆಯೂ ಅದರೊಳಗೇ ಅಡಗಿದೆ. ಆದರೆ ಠಾಣೆಯ ವರ್ತಕ ನಗರದಲ್ಲಾಗಲಿ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳಲ್ಲಾಗಲಿ ಇರುವ ಕನ್ನಡ ಮನೆಗಳಲ್ಲಿ ಇಂದು ಆ ಮಾತಿನ ಜಾಗದಲ್ಲಿ ಕೂತಿರುವುದು 'ಡೇಟ್' ಎಂಬ ಪದ. 'ಡೇಟ್ ಕೊಟ್ಟಿದ್ದಾರಾ?' ಎಂದು ಆರಂಭವಾಗುವ ವಿಚಾರಣೆ ಕೊನೆಯ ವಾರಗಳಲ್ಲಿ 'ಡೇಟ್ ದಾಟಿತಂತೆ' ಎಂಬ ಆತಂಕಕ್ಕೆ ತಿರುಗುತ್ತದೆ. ಇಂಗ್ಲಿಷಿನಲ್ಲಿ ಈ ತಾರೀಖಿಗೆ ಅಂಟಿಕೊಂಡಿರುವ 'ಡ್ಯೂ' ಎಂಬ ವಿಶೇಷಣವೇ ಸಾಲದ ಕಂತಿಗೂ ಕರೆಂಟ್ ಬಿಲ್ಲಿಗೂ ಸಲ್ಲುವಂಥದ್ದಾದುದರಿಂದ, ಅದು ದಾಟಿದೊಡನೆ ಬಸುರಿಯೇ ಬಾಕಿ ಉಳಿಸಿಕೊಂಡವಳೆಂಬಂತೆ ಮನೆಯವರು ನೋಡತೊಡಗುವುದರಲ್ಲಿ ಆಶ್ಚರ್ಯವಿಲ್ಲ.

ಈ ತಾರೀಖು ಹುಟ್ಟಿದ ಬಗೆಯನ್ನು ತಿಳಿದರೆ ಅದರ ಮೇಲಿನ ಭಯಭಕ್ತಿ ಸ್ವಲ್ಪ ಇಳಿಯಬಹುದು. ಜರ್ಮನಿಯ ಹೈಡೆಲ್‌ಬರ್ಗಿನಲ್ಲಿದ್ದ ಪ್ರಸೂತಿ ವೈದ್ಯ ಫ್ರಾನ್ಸ್ ಕಾರ್ಲ್ ನೇಗೆಲೆ (1778–1851) ಪ್ರಚಾರಕ್ಕೆ ತಂದ ಲೆಕ್ಕದಂತೆ, ಕೊನೆಯ ಮುಟ್ಟಿನ ಮೊದಲ ದಿನಕ್ಕೆ 9 ತಿಂಗಳು ಮತ್ತು 7 ದಿನ ಕೂಡಿಸಿದರೆ ಹೆರಿಗೆಯ ನಿರೀಕ್ಷಿತ ದಿನ ಸಿಗುತ್ತದೆ. ಜನವರಿ 1ರಂದು ಮುಟ್ಟಾಗಿದ್ದವಳಿಗೆ ಅಕ್ಟೋಬರ್ 8. ಒಟ್ಟು 280 ದಿನಗಳ ಈ ಅವಧಿ 28 ದಿನಗಳ 10 ಮುಟ್ಟಿನ ಸುತ್ತುಗಳಿಗೆ ಸಮ. ಋಗ್ವೇದದ ಸೂಕ್ತಗಳು ಹೆರಿಗೆಯನ್ನು ಹತ್ತನೆಯ ತಿಂಗಳಿಗೆ ಹೇಳುವುದೂ ನಮ್ಮ ಜನ 'ನವಮಾಸ' ಎನ್ನುವುದೂ ಒಂದಕ್ಕೊಂದು ವಿರುದ್ಧವಾಗಿ ಕಂಡರೂ ಎಣಿಕೆಯ ತಿಂಗಳು ಬೇರೆಯೆಂಬುದನ್ನು ಬಿಟ್ಟರೆ ತಾತ್ಪರ್ಯ ಒಂದೇ. ನೇಗೆಲೆಯ ಲೆಕ್ಕ ಎಲ್ಲ ಹೆಂಗಸರ ಮುಟ್ಟೂ 28 ದಿನಕ್ಕೊಮ್ಮೆ ಬರುತ್ತದೆಂದು ಭಾವಿಸಿಕೊಂಡು ಮಾಡಿದ್ದು. 35 ದಿನಕ್ಕೊಮ್ಮೆ ಮುಟ್ಟಾಗುವವಳಿಗೆ ಅದೇ ಅಕ್ಟೋಬರ್ 8 ಒಂದು ವಾರದಷ್ಟು ಮೊದಲೇ ಬಂದಿರುತ್ತದೆ. ಸರಿಯಾಗಿ ಆ ದಿನವೇ ಹುಟ್ಟುವ ಮಕ್ಕಳು ನೂರಕ್ಕೆ ನಾಲ್ಕೈದು ಮಾತ್ರ. ಬೋಸ್ಟನ್ನಿನ ವೈದ್ಯರು 1990ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ತೊಡಕಿಲ್ಲದ ಚೊಚ್ಚಲ ಬಸಿರುಗಳ ಮಧ್ಯಮ ಅವಧಿ ನೇಗೆಲೆಯ ದಿನಕ್ಕಿಂತ 8 ದಿನ ಹೆಚ್ಚಾಗಿತ್ತು, ಮೊದಲೇ ಹೆತ್ತವರಲ್ಲಿ 3 ದಿನ ಹೆಚ್ಚಾಗಿತ್ತು. ಎಂದರೆ ಚೊಚ್ಚಲ ಬಸುರಿಗೆ ಡೇಟ್ ದಾಟುವುದು ಅಪವಾದವಲ್ಲ, ವಾಡಿಕೆಗೆ ಹತ್ತಿರವಾದ ಸಂಗತಿ.

ಸೋನೋಗ್ರಫಿ ಈ ಗೊಂದಲವನ್ನು ಕಡಿಮೆ ಮಾಡಿದೆ, ಜೊತೆಗೆ ಹೊಸದೊಂದನ್ನು ಹುಟ್ಟಿಸಿದೆ. ಮೊದಲ ಮೂರು ತಿಂಗಳೊಳಗೆ ಮಾಡಿಸಿದ ಸ್ಕ್ಯಾನಿನಲ್ಲಿ ಭ್ರೂಣದ ಉದ್ದವನ್ನು ಅಳೆದು ಹೇಳುವ ದಿನ ಐದರಿಂದ ಏಳು ದಿನಗಳ ಅಂತರದೊಳಗೆ ನಂಬಲರ್ಹವಾದುದು, ಏಕೆಂದರೆ ಆ ಹಂತದಲ್ಲಿ ಎಲ್ಲ ಭ್ರೂಣಗಳೂ ಬಹುತೇಕ ಒಂದೇ ವೇಗದಲ್ಲಿ ಬೆಳೆಯುತ್ತವೆ. ಕೊನೆಯ ತಿಂಗಳಿನ ಸ್ಕ್ಯಾನಿನಲ್ಲಿ ಯಂತ್ರ ಅಳೆಯುವುದು ಮಗುವಿನ ಗಾತ್ರವನ್ನು, ಆ ಗಾತ್ರದಿಂದ ವಯಸ್ಸನ್ನು ಊಹಿಸುತ್ತದೆ. ಅಪ್ಪ ಅಮ್ಮ ಗಿಡ್ಡವಾಗಿದ್ದು ಮಗುವೂ ಚಿಕ್ಕದಾಗಿದ್ದರೆ ಅದು ಡೇಟನ್ನು ಎರಡು ಮೂರು ವಾರ ಮುಂದಕ್ಕೆ ತಳ್ಳಬಹುದು. ಒಂದೇ ಫೈಲಿನಲ್ಲಿರುವ ಮೂರು ವರದಿಗಳಲ್ಲಿ ಮೂರು ತಾರೀಖುಗಳನ್ನು ಕಂಡು ಮನೆಯವರು ಹೊಸದನ್ನೇ ಸರಿಯೆಂದು ಹಿಡಿಯುವುದು ಸಾಮಾನ್ಯ. ಸರಿಯಾದುದು ಹಳೆಯದು. ಬಸಿರಿನ ಲೆಕ್ಕದಲ್ಲಿ ಮೊದಲು ಅಳೆದದ್ದಕ್ಕೇ ಹೆಚ್ಚು ಬೆಲೆಯೆಂಬ ಈ ಒಂದು ಮಾತನ್ನು ಕೇಸ್ ಪೇಪರಿನ ಮೇಲೆಯೇ ಅಚ್ಚು ಹಾಕಿಸಿದರೆ ಎಷ್ಟೋ ಮನೆಗಳ ನಿದ್ದೆ ಉಳಿದೀತು.

ಕಾಯುವುದಕ್ಕೆ ಒಂದು ಜಾಗವೂ ಜೊತೆಗಾರರೂ ಬೇಕೆಂಬುದನ್ನು ಹಿಂದಿನವರು ಬಲ್ಲವರಾಗಿದ್ದರು. ಚರಕಸಂಹಿತೆಯ ಶಾರೀರಸ್ಥಾನವು ಒಂಬತ್ತನೆಯ ತಿಂಗಳಿಗೆ ಮೊದಲೇ 'ಸೂತಿಕಾಗಾರ'ವನ್ನು, ಎಂದರೆ ಹೆರಿಗೆಯ ಕೋಣೆಯನ್ನು, ಕಟ್ಟಿಸಬೇಕೆಂದೂ ಗರ್ಭಿಣಿ ಶುಭದಿನದಲ್ಲಿ ಅದನ್ನು ಹೊಕ್ಕು, ಹಲವು ಬಾರಿ ಹೆತ್ತು ಅನುಭವವುಳ್ಳ, ಸ್ನೇಹದ ಹೆಂಗಸರ ನಡುವೆ ಪ್ರಸವಕಾಲವನ್ನು ಎದುರುನೋಡುತ್ತ ಇರಬೇಕೆಂದೂ ವಿಧಿಸುತ್ತದೆ. ಕನ್ನಡ ನಾಡಿನಲ್ಲಿ ಆ ಕೋಣೆ ತವರುಮನೆಯ ನಡುಮನೆಯ ಮೂಲೆಯಾಗಿತ್ತು. ದಕ್ಷಿಣದಲ್ಲಿ ಸೀಮಂತ, ಉತ್ತರ ಕರ್ನಾಟಕದಲ್ಲಿ ಕುಬಸ, ಕರಾವಳಿಯಲ್ಲಿ ಬಯಕೆ ಎಂದು ಹೆಸರು ಬೇರೆಯಾದರೂ ಮಡಿಲು ತುಂಬಿಸಿಕೊಂಡ ಮಗಳು ತಾಯಿಮನೆಗೆ ಹೊರಡುವುದೇ ಆ ಆಚರಣೆಯ ತಿರುಳಾಗಿತ್ತು.

ಮುಂಬಯಿ ಸೀಮೆಯ ಕನ್ನಡಿಗರಿಗೆ ಈ ಹೊರಡುವಿಕೆ ಎಂದೂ ಸುಲಭವಾಗಿರಲಿಲ್ಲ. ಹೋಟೆಲು ಕೆಲಸಕ್ಕೆಂದು ಉಡುಪಿ, ಮಂಗಳೂರುಗಳ ಕಡೆಯಿಂದ ಬಂದವರಿಗೆ ರೋಹಾದಿಂದ ತೋಕೂರಿನವರೆಗಿನ 741 ಕಿ.ಮೀ. ಕೊಂಕಣ ರೈಲು ಮಾರ್ಗ 1998ರಲ್ಲಿ ಪೂರ್ತಿ ತೆರೆಯುವವರೆಗೂ ಘಟ್ಟದ ತಿರುವುಗಳ ಬಸ್ಸೇ ಗತಿಯಾಗಿತ್ತು. ಏಳು ತಿಂಗಳ ಬಸುರಿಯನ್ನು ಆ ಬಸ್ಸಿನಲ್ಲಿ ಕೂರಿಸುವ ಧೈರ್ಯ ಎಲ್ಲರಿಗೂ ಇರುತ್ತಿರಲಿಲ್ಲ. ಈಗ ಠಾಣೆಯಲ್ಲಿ ಮಧ್ಯಾಹ್ನ ಮತ್ಸ್ಯಗಂಧ ಎಕ್ಸ್‌ಪ್ರೆಸ್ ಹತ್ತಿದರೆ ಮರುದಿನ ಬೆಳಗಿಗೆ ಊರು ಸಿಗುತ್ತದೆ, ಕಲ್ಯಾಣದಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದರೆ ಸೊಲ್ಲಾಪುರ ದಾಟಿ ಕಲಬುರಗಿ. ಹಾದಿ ಸಲೀಸಾದ ಈ ಕಾಲದಲ್ಲಿಯೇ ಪ್ರಯಾಣದ ದಿಕ್ಕು ತಿರುಗಿರುವುದು ವಿಚಿತ್ರ. ಮಗಳ ಹೆಸರು ಠಾಣೆಯ ಆಸ್ಪತ್ರೆಯಲ್ಲಿ ನೋಂದಣಿಯಾಗಿದೆ, ಅವಳನ್ನು ಮೊದಲಿನಿಂದ ನೋಡಿದ ಡಾಕ್ಟರು ಇಲ್ಲಿದ್ದಾರೆ, ರಜೆಯೂ ಗಂಡನೂ ಇಲ್ಲಿಯೇ; ಆದುದರಿಂದ ತಾಯಿಯೇ ಊರು ಬಿಟ್ಟು ಬಾಣಂತನಕ್ಕೆ ಬರುತ್ತಾಳೆ. ಕಟ್ಟಡದ ಕೆಲಸಕ್ಕೆ ಬಂದ ಕಲಬುರಗಿ, ಯಾದಗಿರಿ ಕಡೆಯ ಹೆಂಗಸರು ಮಾತ್ರ ಇನ್ನೂ ಊರಿಗೆ ಹೋಗುವ ಪದ್ಧತಿಯನ್ನು ಉಳಿಸಿಕೊಂಡಿದ್ದಾರೆ, ಏಕೆಂದರೆ ತಗಡಿನ ಶೆಡ್ಡಿಗೆ ತಾಯಿಯನ್ನು ಕರೆಸಿಕೊಳ್ಳಲು ಜಾಗವೆಲ್ಲಿ?

ಬಂದ ತಾಯಿಯ ಟಿಕೆಟ್ಟನ್ನು ಡೇಟ್ ನೋಡಿಯೇ ಮಾಡಿಸಿರುತ್ತಾರೆ. ರೈಲ್ವೆಯ ಮುಂಗಡ ಕಾಯ್ದಿರಿಸುವಿಕೆಯ ಅವಧಿ 2024ರ ನವೆಂಬರಿನಿಂದ 120 ದಿನಗಳಿಂದ 60ಕ್ಕೆ ಇಳಿದಿರುವುದರಿಂದ ಏಳನೆಯ ತಿಂಗಳು ಮುಗಿಯುವ ಹೊತ್ತಿಗೆ ಈ ಲೆಕ್ಕಾಚಾರ ಆರಂಭವಾಗುತ್ತದೆ, ಟಿಕೆಟ್ಟೂ ಕೆಲವೊಮ್ಮೆ ವೇಟಿಂಗ್ ಲಿಸ್ಟಿನಲ್ಲಿಯೇ ಉಳಿಯುತ್ತದೆ. ಡೇಟಿಗೆ ಒಂದು ವಾರ ಮೊದಲು ಬಂದಿಳಿದ ತಾಯಿಗೆ ಎರಡು ಕೋಣೆಯ ಫ್ಲ್ಯಾಟಿನಲ್ಲಿ ಮಾಡಲು ಕೆಲಸವಿಲ್ಲ. ಊರಿನಿಂದ ತಂದ ಹಳೆಯ ಹತ್ತಿ ಸೀರೆಯನ್ನು ಬಿಸಿನೀರಿನಲ್ಲಿ ಒಗೆದು, ಅಂಗೈಯಗಲದಿಂದ ತೊಟ್ಟಿಲಗಲದವರೆಗೆ ಹರಿದು, ಅಂಚು ಮಡಚಿ, ಒಂದರ ಮೇಲೊಂದು ಒಟ್ಟಿ, ಆಸ್ಪತ್ರೆಯ ಚೀಲದಲ್ಲಿ ಕೇಸ್ ಪೇಪರು, ಆಧಾರ್ ನಕಲು, ಸೋನೋಗ್ರಫಿ ಫೈಲುಗಳ ಪಕ್ಕದಲ್ಲಿ ಇಟ್ಟಾದ ಮೇಲೆ ಅವಳು ಮತ್ತೆ ಅದನ್ನೆಲ್ಲ ತೆಗೆದು ಮತ್ತೆ ಮಡಚುತ್ತಾಳೆ. ಹುಟ್ಟುವ ಮೊದಲು ಹೊಸ ಬಟ್ಟೆ ಕೊಳ್ಳಬಾರದೆಂಬ ನಂಬಿಕೆಗೆ ಈ ಹಳೆಯ ಸೀರೆ ಅನುಕೂಲವಾಗಿ ಒದಗುತ್ತದೆ. ಅಷ್ಟೇ ಅಲ್ಲ, ನೂರು ಬಾರಿ ಒಗೆದ ಹತ್ತಿಯಷ್ಟು ಮೆತ್ತಗಿನ ಬಟ್ಟೆ ಅಂಗಡಿಯಲ್ಲಿ ಸಿಗುವುದೂ ಇಲ್ಲ. ಇಷ್ಟರ ನಡುವೆ ಊರಿನಿಂದ ದಿನಕ್ಕೆರಡು ಬಾರಿ ಫೋನು: 'ಏನಾದ್ರೂ ಆಯ್ತಾ?' ಹಾರೈಕೆಯಿಂದಲೇ ಬರುವ ಈ ಪ್ರಶ್ನೆಗೆ 'ಇಲ್ಲ' ಎಂದು ಹೇಳಿ ಹೇಳಿ ಬಸುರಿಗೆ ತನ್ನ ಮೈ ಯಾವುದೋ ಪರೀಕ್ಷೆಯಲ್ಲಿ ನಪಾಸಾಯಿತೆಂದು ಅನ್ನಿಸತೊಡಗುತ್ತದೆ.

ವಾಸ್ತವದಲ್ಲಿ ಏನೂ ಆಗದಂತೆ ತೋರುವ ಆ ದಿನಗಳಲ್ಲಿ ಮೈಯೊಳಗೆ ಆಗುತ್ತಿರುವುದು ಬಹಳ. ಮಾಸು, ಎಂದರೆ ಮಗುವಿಗೆ ಆಹಾರ ಮತ್ತು ಪ್ರಾಣವಾಯುವನ್ನು ಒದಗಿಸುವ ಅಂಗ, ಬಿಡುಗಡೆ ಮಾಡುವ ಸಂಕೇತ ರಾಸಾಯನಿಕಗಳ ಪ್ರಮಾಣ ವಾರದಿಂದ ವಾರಕ್ಕೆ ಏರುತ್ತದೆ. ಪ್ರೋಸ್ಟಗ್ಲಾಂಡಿನ್ ಎಂಬ ರಾಸಾಯನಿಕಗಳ ಪ್ರಭಾವದಿಂದ, ಮೂಗಿನ ತುದಿಯಂತೆ ಬಿಗಿಯಾಗಿದ್ದ ಗರ್ಭಕೋಶದ ಕೊರಳು ತುಟಿಯಂತೆ ಮೆತ್ತಗಾಗಿ, ಗಿಡ್ಡವಾಗಿ, ತೆಳುವಾಗುತ್ತದೆ. ಗರ್ಭಕೋಶದ ಸ್ನಾಯುಗಳಲ್ಲಿ ಆಕ್ಸಿಟೋಸಿನ್ ಎಂಬ ಹಾರ್ಮೋನನ್ನು ಗ್ರಹಿಸುವ ಬಿಂದುಗಳು ಹಲವು ಪಟ್ಟು ಹೆಚ್ಚುತ್ತವೆ. ಬ್ರಿಟಿಷ್ ವಿಜ್ಞಾನಿ ಹೆನ್ರಿ ಡೇಲ್ 1906ರಲ್ಲಿ ಪಿಟ್ಯುಟರಿ ಗ್ರಂಥಿಯ ಸಾರದಲ್ಲಿ ಗರ್ಭಕೋಶವನ್ನು ಹಿಂಡುವ ಗುಣವನ್ನು ಕಂಡದ್ದೂ, ಅಮೆರಿಕದ ವಿನ್ಸೆಂಟ್ ಡು ವಿಗ್ನಾಡ್ ಆಕ್ಸಿಟೋಸಿನ್ನನ್ನು ಪ್ರಯೋಗಶಾಲೆಯಲ್ಲಿ ತಯಾರಿಸಿ 1955ರಲ್ಲಿ ನೊಬೆಲ್ ಪಡೆದದ್ದೂ ಈ ಕಥೆಯ ಮುಖ್ಯ ಘಟ್ಟಗಳು. ಇಂದು 'ಸೂಜಿ ಕೊಟ್ಟು ನೋವು ಬರಿಸಿದರು' ಎನ್ನುವಾಗ ಸಲೈನಿನಲ್ಲಿ ಹನಿಹನಿಯಾಗಿ ಇಳಿಯುವುದು ಅದೇ. ಆದರೆ ನೋವನ್ನು ಮೊದಲಿಗೆ ಎಬ್ಬಿಸುವವರು ಯಾರು, ತಾಯಿಯೋ ಮಗುವೋ ಎಂಬುದಕ್ಕೆ ಮನುಷ್ಯರ ಮಟ್ಟಿಗೆ ಪೂರ್ಣ ಉತ್ತರ ಸಿಕ್ಕಿಲ್ಲ. ನ್ಯೂಜಿಲೆಂಡಿನ ಗ್ರಹಾಂ ಲಿಗಿನ್ಸ್ 1960ರ ದಶಕದಲ್ಲಿ ಕುರಿಗಳಲ್ಲಿ ನಡೆಸಿದ ಪ್ರಯೋಗಗಳಿಂದ, ಕುರಿಮರಿಯ ಗ್ರಂಥಿಗಳೇ ಹೆರಿಗೆಗೆ ಚಾಲನೆ ಕೊಡುತ್ತವೆಂಬುದು ಖಚಿತವಾಯಿತು. 'ಅದಕ್ಕೆ ಬರಬೇಕೆನಿಸಿದಾಗ ಬರುತ್ತದೆ' ಎಂಬ ಅಜ್ಜಿಯರ ಮಾತು ಕುರಿಗಳ ಮಟ್ಟಿಗಾದರೂ ಅಕ್ಷರಶಃ ನಿಜ.

ಕೊನೆಯ ವಾರಗಳ ಇನ್ನೊಂದು ಪೀಡೆ 'ಸುಳ್ಳು ನೋವು'. ಹೊಟ್ಟೆ ಕಲ್ಲಿನಂತೆ ಬಿಗಿದು ಸ್ವಲ್ಪ ಹೊತ್ತಿಗೆ ಸಡಿಲವಾಗುವ ಈ ಸಂಕೋಚನಗಳನ್ನು 1872ರಲ್ಲಿ ವಿವರಿಸಿದ ಇಂಗ್ಲಿಷ್ ವೈದ್ಯ ಜಾನ್ ಬ್ರಾಕ್ಸ್‌ಟನ್ ಹಿಕ್ಸ್‌ನ ಹೆಸರೇ ಅವಕ್ಕೆ ಉಳಿದಿದೆ. ಮಗ್ಗುಲು ಬದಲಿಸಿದರೆ, ನಾಲ್ಕು ಹೆಜ್ಜೆ ನಡೆದರೆ ಅವು ಕಡಿಮೆಯಾಗುತ್ತವೆ. ನಿಜವಾದ ಬೇನೆ ಸೊಂಟದಿಂದ ಸುತ್ತಿಕೊಂಡು ಬಂದು, ಏನು ಮಾಡಿದರೂ ಕಡಿಮೆಯಾಗದೆ, ಬರಬರುತ್ತ ಹತ್ತಿರವೂ ಜೋರೂ ಆಗುತ್ತದೆ. ಹಳಬರು ಜೀರಿಗೆ ಕಷಾಯ ಕುಡಿಸಿ 'ಸುಳ್ಳಾದರೆ ಇಳಿಯುತ್ತದೆ, ನಿಜವಾದರೆ ಏರುತ್ತದೆ' ಎಂದು ಕಾದು ನೋಡುತ್ತಿದ್ದುದೂ ಇದೇ ವಿವೇಕವೇ. ಕಷಾಯಕ್ಕಿಂತ ಕಾಯುವ ಆ ಅರ್ಧ ಗಂಟೆಯೇ ನಿಜವಾದ ಪರೀಕ್ಷೆ. ಹರಳೆಣ್ಣೆ ಕುಡಿಸಿ ನೋವು ಬರಿಸುವ ಉಪಾಯ ಅಷ್ಟು ನಿರಪಾಯಕಾರಿಯಲ್ಲ. ಅದು ಮೊದಲು ಕೆರಳಿಸುವುದು ಕರುಳನ್ನು, ವಾಂತಿಭೇದಿಯಿಂದ ನಿತ್ರಾಣಗೊಂಡ ಬಸುರಿ ಹೆರಿಗೆಗೆ ಬೇಕಾದ ಕಸುವನ್ನೇ ಕಳೆದುಕೊಳ್ಳುತ್ತಾಳೆ. ಕಾಯಬಾರದ ಸಂದರ್ಭಗಳೂ ಇವೆ: ನೀರು ಒಡೆದರೆ, ರಕ್ತ ಹೋದರೆ, ತಲೆನೋವಿನೊಡನೆ ಕಣ್ಣು ಮಂಜಾದರೆ, ಮಗುವಿನ ಓಡಾಟ ಕಡಿಮೆಯಾದರೆ ನೋವಿನ ದಾರಿ ನೋಡುವಂತಿಲ್ಲ. ಹೆರಿಗೆ ಹತ್ತಿರವಾದಾಗ ಮಗು ಸುಮ್ಮನಾಗುತ್ತದೆಂಬ ನಂಬಿಕೆ ಅಪಾಯಕಾರಿ. ಎಡಮಗ್ಗುಲಾಗಿ ಮಲಗಿ ಎಣಿಸಿದರೆ 2 ಗಂಟೆಯೊಳಗೆ 10 ಬಾರಿಯಾದರೂ ಚಲನೆ ತಿಳಿಯಬೇಕು.

ನೋವುಗಳು ಐದು ನಿಮಿಷಕ್ಕೊಮ್ಮೆ ಬರುತ್ತ ಒಂದು ಗಂಟೆ ಕಳೆದ ಮೇಲೆ ಹೊರಡಬಹುದೆಂಬ, ಚೊಚ್ಚಲ ಬಸುರಿಯರಿಗೆ ಹೇಳುವ ಪುಸ್ತಕದ ನಿಯಮವನ್ನು ಠಾಣೆ ಜಿಲ್ಲೆಯಲ್ಲಿ ಯಥಾವತ್ತಾಗಿ ಪಾಲಿಸುವುದು ಕಷ್ಟ. ವರ್ತಕ ನಗರದಿಂದ ಖಾಡಿಯಾಚೆಯ ಕಳವಾದಲ್ಲಿರುವ ಛತ್ರಪತಿ ಶಿವಾಜಿ ಮಹಾರಾಜ್ ಆಸ್ಪತ್ರೆಗೆ ರಾತ್ರಿ ಎರಡು ಗಂಟೆಗೆ ಬೇಕಾಗುವ ಸಮಯವೇ ಬೇರೆ, ಸಂಜೆ ಏಳಕ್ಕೆ ಬೇಕಾಗುವುದೇ ಬೇರೆ. ಕಲ್ಯಾಣದ ಆಚೆಯಿಂದ ಬರುವ ಬಡ ಹೆಂಗಸರು ಲೋಕಲ್ ರೈಲನ್ನೇ ನಂಬುತ್ತಾರೆ. 2017ರಿಂದ ಮಧ್ಯ ರೈಲ್ವೆಯ ನಿಲ್ದಾಣಗಳಲ್ಲಿ ಆರಂಭವಾದ 'ವನ್ ರುಪೀ ಕ್ಲಿನಿಕ್'ಗಳ ವೈದ್ಯರು ಠಾಣೆ ನಿಲ್ದಾಣದಲ್ಲಿಯೇ ಹೆರಿಗೆ ಮಾಡಿಸಿದ ಸುದ್ದಿಗಳು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದಿವೆ. 1853ರಲ್ಲಿ ಬೋರಿಬಂದರಿನಿಂದ ಹೊರಟ ದೇಶದ ಮೊದಲ ಪ್ರಯಾಣಿಕ ರೈಲು ಬಂದು ನಿಂತ ಊರಿನ ಪ್ಲಾಟ್‌ಫಾರ್ಮಿನಲ್ಲಿ ಮಕ್ಕಳು ಹುಟ್ಟುವುದನ್ನು ಸ್ವಾರಸ್ಯವೆಂದು ಬರೆಯುವವರಿದ್ದಾರೆ, ಆದರೆ ಅದು ಹತ್ತಿರದಲ್ಲೊಂದು ಪ್ರಸೂತಿಗೃಹವಿಲ್ಲದ ಊರುಗಳ ಸಂಕಟದ ಲೆಕ್ಕವೂ ಹೌದು.

ಡೇಟ್ ದಾಟಿದ ಮೇಲೆ ಎಷ್ಟು ದಿನ ಕಾಯಬಹುದೆಂಬುದು ಹಟದಿಂದಲೂ ಭಯದಿಂದಲೂ ತೀರ್ಮಾನವಾಗಬಾರದ ಪ್ರಶ್ನೆ. 42 ವಾರ ದಾಟಿದರೆ ಮಾಸಿನ ಸಾಮರ್ಥ್ಯ ಕುಂದಿ ಮಗುವಿಗಾಗುವ ಅಪಾಯ, ಒಟ್ಟು ಲೆಕ್ಕದಲ್ಲಿ ಚಿಕ್ಕದಾದರೂ, ಏರುತ್ತದೆ. ಆದುದರಿಂದ ಬಸಿರು 41 ವಾರ ತುಂಬಿದ್ದು ಖಚಿತವಾಗಿದ್ದರೆ ನೋವು ಬರಿಸಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡುತ್ತದೆ. ಅಮೆರಿಕದಲ್ಲಿ ಆರು ಸಾವಿರಕ್ಕೂ ಹೆಚ್ಚು ಚೊಚ್ಚಲ ಬಸುರಿಯರನ್ನೊಳಗೊಂಡು 2018ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 39ನೇ ವಾರದಲ್ಲಿಯೇ ನೋವು ಬರಿಸಿದವರ ಪೈಕಿ ಶೇ 18.6, ಕಾದವರ ಪೈಕಿ ಶೇ 22.2 ಮಂದಿಗೆ ಸಿಸೇರಿಯನ್ ಆಯಿತು. ಕಾಯುವುದೇ ಯಾವಾಗಲೂ ಮೇಲೆಂಬ ವಾದಕ್ಕೆ ಇದು ತಕ್ಕ ಉತ್ತರ. ಆದರೆ ನಮ್ಮಲ್ಲಿ 'ಡೇಟ್ ದಾಟಿತು, ಇನ್ನು ಸಿಸೇರಿಯನ್ನೇ' ಎಂದು ನಡುವಿನ ಮೆಟ್ಟಿಲನ್ನೇ ಹಾರಿಬಿಡುವ ಅವಸರ ಈ ವಾದಕ್ಕೆ ಸಂಬಂಧಿಸಿದ್ದಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಸರಕಾರಿ ಆಸ್ಪತ್ರೆಗಳಲ್ಲಿ ಶೇ 14.3, ಖಾಸಗಿ ಆಸ್ಪತ್ರೆಗಳಲ್ಲಿ ಶೇ 47.4 ಹೆರಿಗೆಗಳು ಶಸ್ತ್ರಕ್ರಿಯೆಯಿಂದ ಆದವು. ಕರ್ನಾಟಕದ ಒಟ್ಟು ಪ್ರಮಾಣ ಶೇ 31.5 ಇದ್ದರೆ ಮಹಾರಾಷ್ಟ್ರದ್ದು ಶೇ 25.4. ಆಸ್ಪತ್ರೆಯ ಬಾಗಿಲಿಗೊಂದರಂತೆ ಹೆಂಗಸರ ಮೈ ಬದಲಾಗುವುದಿಲ್ಲವಾದುದರಿಂದ ಈ ಅಂತರಕ್ಕೆ ವೈದ್ಯಶಾಸ್ತ್ರವೊಂದರಲ್ಲೇ ಕಾರಣ ಹುಡುಕಲಾಗದು. ಅಮಾವಾಸ್ಯೆ ತಪ್ಪಿಸಲು, ಮೂಲಾ ನಕ್ಷತ್ರ ತಪ್ಪಿಸಲು ಪಂಚಾಂಗ ಹಿಡಿದು ಬರುವ ಕುಟುಂಬಗಳ ಪಾಲೂ ಅದರಲ್ಲಿದೆ.

ರಜೆಯ ಲೆಕ್ಕವೂ ಇದೇ ತಾರೀಖಿಗೆ ಕಟ್ಟಿಕೊಂಡಿದೆ. 1961ರ ಹೆರಿಗೆ ಸೌಲಭ್ಯ ಕಾಯಿದೆಯ 2017ರ ತಿದ್ದುಪಡಿ ಮೊದಲ ಎರಡು ಮಕ್ಕಳಿಗೆ 26 ವಾರಗಳ ರಜೆಯನ್ನು ಜಾರಿಗೆ ತಂದಿತು. ಅದರಲ್ಲಿ 8 ವಾರಗಳವರೆಗೆ ನಿರೀಕ್ಷಿತ ದಿನಕ್ಕೆ ಮೊದಲೇ ತೆಗೆದುಕೊಳ್ಳಬಹುದು. ಆದರೆ ಮಗುವಿನೊಡನೆ ಕಳೆಯಬೇಕಾದ ದಿನಗಳು ಕಾಯುವುದರಲ್ಲಿ ಕರಗಿಹೋದಾವೆಂಬ ಭಯದಿಂದ ಐರೋಲಿಯ, ಘಣಸೋಲಿಯ ಕಚೇರಿಗಳಿಗೆ ಹೋಗುವವರು 38ನೇ ವಾರದವರೆಗೂ ಲ್ಯಾಪ್‌ಟಾಪ್ ಮಡಚುವುದಿಲ್ಲ. ಡೇಟ್ ದಾಟಿದ ಒಂದೊಂದು ದಿನವೂ ಅವರಿಗೆ ಕೈಯಿಂದ ಜಾರಿದ ರಜೆ.

ಹೆರಿಗೆಯಾದ ಮೇಲೆ 21 ದಿನಗಳೊಳಗೆ ಜನನವನ್ನು ನೋಂದಾಯಿಸಬೇಕು. ಆಸ್ಪತ್ರೆ ತುಂಬಿ ಕಳುಹಿಸುವ ನಮೂನೆಯಲ್ಲಿ ಹುಟ್ಟಿದ ದಿನ, ಊರು, ತಾಯಿಯ ವಯಸ್ಸು, ಬಸಿರು ಎಷ್ಟು ವಾರದ್ದೆಂಬುದಕ್ಕೆಲ್ಲ ಕಾಲಮ್ಮುಗಳಿವೆ. ಡಾಕ್ಟರು ಕೊಟ್ಟಿದ್ದ ಡೇಟಿಗೆ ಇಲ್ಲ. ಆ ಹೊತ್ತಿಗೆ ಅಜ್ಜಿ ಮಗುವಿಗೆ ಎಣ್ಣೆ ಹಚ್ಚುತ್ತ, ಹಿಂತಿರುಗುವ ಟಿಕೆಟ್ಟನ್ನು ಮುಂದಕ್ಕೆ ಹಾಕಿಸಲು ಅಳಿಯನಿಗೆ ಹೇಳಿರುತ್ತಾಳೆ.