ರಮ್ ಕುಡಿದ್ರೆ ಲಾರಿ ಡ್ರೈವರ್, ವಿಸ್ಕಿ ಕುಡಿದ್ರೆ ಸಾಹೇಬ್ರಾ?

ಕಳೆದ ತಿಂಗಳು ಗೆಳೆಯರ ಜೊತೆ ಬೆಂಗಳೂರಿನ ಒಂದು ಪಬ್‌ಗೆ ಹೋಗಿದ್ದೆ. ನಾನು ಹೇಳಿದ್ದು ರಮ್ಮು, ಜೊತೆಗೆ ಬಿಸಿನೀರು. ಪಕ್ಕದಲ್ಲಿದ್ದ ಗೆಳೆಯ ಹೇಳಿದ್ದು ವೈನು. ತಂದುಕೊಟ್ಟ ಹುಡುಗ ಸ್ವಲ್ಪವೂ ಯೋಚಿಸದೆ ವೈನನ್ನು ನನ್ನ ಮುಂದೆ, ರಮ್ಮನ್ನು ಅವನ ಮುಂದೆ ಇಟ್ಟು ಹೋದ. ನಾವು ನಗುತ್ತಾ ಲೋಟ ಅದಲುಬದಲು ಮಾಡಿಕೊಂಡೆವು. ವಿಸ್ಕಿ ಹಿಡಿದು ಕೂತಿದ್ದ ಇನ್ನೊಬ್ಬ ಶುರು ಮಾಡಿದ: “ಏನಮ್ಮಾ, ಲಾರಿ ಡ್ರೈವರ್ ಥರ ರಮ್ ಕುಡೀತೀಯಾ?”

ತಮಾಷೆಯೇ ಇರಲಿ. ಆದರೆ ಆ ಒಂದು ಮಾತಲ್ಲಿ ಎರಡು ತೀರ್ಪಿದೆ. ಒಂದು ಹೆಂಗಸರ ಮೇಲೆ, ಇನ್ನೊಂದು ಲಾರಿ ಓಡಿಸುವವರ ಮೇಲೆ.

ನಮ್ಮಲ್ಲಿ ಯಾರು ಏನು ಕುಡಿಯಬೇಕು ಅನ್ನೋದಕ್ಕೆ ಬರೆಯದ ಪಟ್ಟಿಯೊಂದಿದೆ. ಸಿಂಗಲ್ ಮಾಲ್ಟ್ ಹಿಡಿದವರು ಅಭಿರುಚಿ ಇರುವವರು. ಕ್ರಾಫ್ಟ್ ಬಿಯರ್ ಐಟಿಯವರದ್ದು. ವೈನ್ ಹೆಂಗಸರದ್ದು. ಅಂಗಡಿ ಮುಂದೆ ನಿಂತು 90 ಎಂಎಲ್ ಪ್ಯಾಕೆಟ್ ಹರಿಯುವವನು ಮಾತ್ರ ‘ಕುಡುಕ’.

ಈ ಪಟ್ಟಿ ಎಷ್ಟು ಟೊಳ್ಳು ಅಂತ ತಿಳಿಯಬೇಕಾದರೆ ಬಾಟಲಿಯೊಳಗೆ ಏನಿದೆ ನೋಡಿ. ಯುರೋಪಿನ ನಿಯಮದಲ್ಲಿ ವಿಸ್ಕಿ ಅಂದರೆ ಧಾನ್ಯದಿಂದ ತೆಗೆದದ್ದು, ಕನಿಷ್ಠ 3 ವರ್ಷ ಮರದ ಪೀಪಾಯಿಯಲ್ಲಿ ಮಾಗಿದ್ದು. ನಮ್ಮಲ್ಲಿ ‘ವಿಸ್ಕಿ’ ಅಂತ ಮಾರುವ ಅಗ್ಗದ ಬ್ರ್ಯಾಂಡುಗಳಲ್ಲಿ ಸಕ್ಕರೆ ಕಾರ್ಖಾನೆಯ ಕಾಕಂಬಿಯಿಂದ ತೆಗೆದ ಸ್ಪಿರಿಟ್ಟಿಗೆ ಬಣ್ಣ, ಪರಿಮಳ ಸೇರಿಸಿದ್ದು ಬೇಕಾದಷ್ಟಿದೆ. ಕಾಕಂಬಿಯ ಮದ್ಯಕ್ಕೆ ಲೋಕವೆಲ್ಲ ಕರೆಯುವ ಹೆಸರು ರಮ್! ಅಂದರೆ ನನ್ನ ಲೋಟ ನೋಡಿ ನಕ್ಕವನ ಲೋಟದಲ್ಲೂ ಅದರ ದಾಯಾದಿಯೇ ಇದ್ದಿರಬಹುದು.

ಸಾರಾಯಿ ಕತೆಯೂ ಇದೇ. ಅದೂ ಸ್ಪಿರಿಟ್ಟಿಗೆ ನೀರು ಬೆರೆಸಿದ್ದೇ. ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಷೇಧವಾಯಿತು. ನಮ್ಮೂರಲ್ಲಿ ಕುಡಿತ ನಿಲ್ಲಲಿಲ್ಲ, ಪ್ಯಾಕೆಟ್ಟಿನ ಮೇಲಿನ ಹೆಸರು ಬದಲಾಯಿತು ಅಷ್ಟೇ. ಸಾರಾಯಿ ಕುಡಿಯುತ್ತಿದ್ದ ನನ್ನ ದೊಡ್ಡಪ್ಪ ಶೇ 42.8 ಆಲ್ಕೊಹಾಲ್ ಇರುವ ಅಗ್ಗದ ವಿಸ್ಕಿಗೆ ಬಂದರು. ದುಡ್ಡು ಜಾಸ್ತಿ ಹೋಯಿತು, ಅಬಕಾರಿ ವರಮಾನ ಸರ್ಕಾರಕ್ಕೆ ಬಂತು. ಊರಲ್ಲಿ ಅವರ ಹೆಸರು ಮಾತ್ರ ‘ಕುಡುಕ’ ಅಂತಲೇ ಉಳಿಯಿತು.

ತೆರಿಗೆಯಲ್ಲೂ ಈ ಮೇಲು-ಕೀಳು ಕಾಣುತ್ತೆ. 2023ರ ಜುಲೈ ಬಜೆಟ್‌ನಲ್ಲಿ ಎಲ್ಲ 18 ಸ್ಲ್ಯಾಬ್‌ಗಳ ಮದ್ಯದ ಮೇಲೂ ಹೆಚ್ಚುವರಿ ಅಬಕಾರಿ ಸುಂಕ ಶೇ 20ರಷ್ಟು ಏರಿತು. ಮರುವರ್ಷ ಪಕ್ಕದ ರಾಜ್ಯಗಳ ದರಕ್ಕೆ ಹೊಂದಿಸುವ ಹೆಸರಲ್ಲಿ ಬೆಲೆ ಇಳಿದದ್ದು ದುಬಾರಿ ಬ್ರ್ಯಾಂಡುಗಳದ್ದು. ಪ್ಯಾಕೆಟ್ಟಿನವನಿಗೆ ಆ ರಿಯಾಯಿತಿ ಸಿಗಲಿಲ್ಲ.

ಹೆಂಗಸರ ವಿಷಯಕ್ಕೆ ಬಂದರೆ ತೀರ್ಪು ಬರೀ ನಗುವಿಗೆ ನಿಲ್ಲಲ್ಲ. 2009ರ ಜನವರಿಯಲ್ಲಿ ಮಂಗಳೂರಿನ ಪಬ್‌ಗೆ ನುಗ್ಗಿ ಹುಡುಗಿಯರನ್ನು ಹೊಡೆದು ಓಡಿಸಿದ್ದು ಸಂಸ್ಕೃತಿಯ ಹೆಸರಲ್ಲೇ.

ಹಾಗಂತ ನಾನು ಕುಡಿತದ ಪರ ವಕಾಲತ್ತು ಮಾಡ್ತಿಲ್ಲ. 2019ರ ಜನವರಿಯಲ್ಲಿ ಸಾವಿರಾರು ಹಳ್ಳಿ ಹೆಂಗಸರು ಮದ್ಯ ನಿಷೇಧ ಕೇಳಿಕೊಂಡು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದೇ ಬಂದರು. ಅವರ ನೋವು ನಿಜ. ದೊಡ್ಡಮ್ಮನ ಕೂಲಿ ದುಡ್ಡು ಎಲ್ಲಿ ಹೋಗುತ್ತಿತ್ತು ಅಂತ ನಾನೂ ನೋಡಿದ್ದೇನೆ. ಆದರೆ ನಮ್ಮ ಪಟ್ಟಿ ಆ ನೋವನ್ನು ಬರೀ ಬಡವರ ಕೆಟ್ಟ ಚಾಳಿ ಮಾಡಿಬಿಡುತ್ತೆ. ದುಬಾರಿ ಬಾಟಲಿ ಇರುವ ಮನೆಯಲ್ಲಿ ಹೊಡೆತ ಬಿದ್ದರೆ ಅದು ‘ಅವರ ಮನೆ ವಿಷಯ’ ಆಗುತ್ತೆ.

ದೊಡ್ಡಪ್ಪ ತೀರಿಕೊಂಡದ್ದು ಲಿವರ್ ಕೆಟ್ಟು. ಎರಡು ವರ್ಷದ ಮೇಲೆ, ದಿನಾ ಸಂಜೆ ಸ್ಕಾಚ್ ಕುಡಿಯುತ್ತಿದ್ದ ಬೆಂಗಳೂರಿನ ನೆಂಟರೊಬ್ಬರೂ ಅದೇ ಕಾಯಿಲೆಯಿಂದ ಹೋದರು. ಅವರ ತಿಥಿ ಊಟದಲ್ಲಿ ಎಲ್ಲರೂ ಹೇಳಿದ್ದು, “ಪಾಪ, ಲಿವರ್ ಪ್ರಾಬ್ಲಂ ಇತ್ತಂತೆ.”

ದೊಡ್ಡಪ್ಪನ ತಿಥಿಯಲ್ಲಿ ಹೇಳಿದ್ದು, “ಕುಡಿದೂ ಕುಡಿದೂ ಸತ್ತ.”