ಬಾಟಲಿಯೊಳಗಿನ ಮಳೆ

ಚಿತ್ರದುರ್ಗ ಜಿಲ್ಲೆಯ ಒಂದು ಹಳ್ಳಿಯ ಸರ್ಕಾರಿ ಶಾಲೆ. ಪ್ರಾರ್ಥನೆ ಮುಗಿಸಿ ನಲಿ-ಕಲಿ ಕೋಣೆಗೆ ನುಗ್ಗಿದ ಮಕ್ಕಳಲ್ಲಿ ಒಬ್ಬಳು ನೇರ ಗೋಡೆಯ ಹವಾಮಾನ ಪಟದತ್ತ ಓಡಿದಳು. ಕಿಟಕಿಯ ಸರಳಿಗೆ ಹಣೆ ಒತ್ತಿ ಆಕಾಶ ನೋಡಿದಳು.

"ಮಿಸ್, ಮೋಡನೂ ಐತೆ, ಬಿಸ್ಲೂ ಐತೆ. ಯಾವುದಕ್ಕೆ ಗುರುತು ಹಾಕ್ಲಿ?"

"ನಿಂಗೆ ಯಾವುದು ಜಾಸ್ತಿ ಕಾಣ್ತೈತೆ?"

ಇನ್ನೊಮ್ಮೆ ನೋಡಿ ಬಂದು ಮೋಡದ ಚಿತ್ರದ ಕೆಳಗೆ ಗುರುತು ಹಾಕಿದಳು. ವಯಸ್ಸು ಆರು.

ನಲಿ-ಕಲಿ ಕೋಣೆಗಳಲ್ಲಿ ಇದು ನಿತ್ಯದ ಕೆಲಸ. ಮೂರನೇ ಕ್ಲಾಸು ದಾಟಿದ ಮೇಲೆ ಬಹಳ ಕಡೆ ಈ ರೂಢಿ ತಪ್ಪಿಹೋಗುತ್ತದೆ. ಆಕಾಶ ಪುಸ್ತಕದೊಳಗೆ ಸೇರಿಬಿಡುತ್ತದೆ. ಈ ಶಾಲೆಯವರು ಅದನ್ನು ಬಿಟ್ಟಿಲ್ಲ. ನಾನು ಹೋದದ್ದೂ ಅದನ್ನು ನೋಡಲೆಂದೇ.

ಅಂಗಳದಲ್ಲಿ, ಮರದ ನೆರಳು ಬೀಳದ ಕಡೆ, ಮೂರು ಇಟ್ಟಿಗೆಗಳ ನಡುವೆ ಒಂದು ಪ್ಲಾಸ್ಟಿಕ್ ಬಾಟಲಿ. ಕತ್ತು ಕತ್ತರಿಸಿ, ತಲೆಕೆಳಗಾಗಿ ಅದರೊಳಗೇ ಕೂರಿಸಿದ್ದಾರೆ. ತಳ ಗುಣಿಗುಣಿಯಾಗಿರುವುದರಿಂದ ಸೊನ್ನೆ ಗೆರೆಯ ತನಕ ಮೊದಲೇ ನೀರು ತುಂಬಿದ್ದಾರೆ. ಪಕ್ಕಕ್ಕೆ ಅಂಟಿಸಿದ ಕಾಗದದ ಸ್ಕೇಲಿನಲ್ಲಿ ಮಿಲಿಮೀಟರಿನ ಗೆರೆಗಳು. ಏಳನೇ ಕ್ಲಾಸಿನ ಹುಡುಗ ಮಂಡಿಯೂರಿ, ಕಣ್ಣನ್ನು ನೀರಿನ ಮಟ್ಟಕ್ಕೇ ತಂದು ಓದಿದ: "ಏಳು."

ಆ ಏಳು ಅವತ್ತೆಲ್ಲ ಕ್ಲಾಸಿನಿಂದ ಕ್ಲಾಸಿಗೆ ಓಡಾಡಿತು. ಗಣಿತದ ಮೇಷ್ಟ್ರು ಮಕ್ಕಳಿಂದಲೇ ತಾರಸಿ ಅಳೆಸಿದರು: ಹತ್ತು ಮೀಟರ್ ಉದ್ದ, ಆರು ಮೀಟರ್ ಅಗಲ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಹಾಗಾದರೆ ನಿನ್ನೆ ರಾತ್ರಿ ತಾರಸಿಯ ಮೇಲೆ ಬಿದ್ದದ್ದು 420 ಲೀಟರ್. ಹದಿನೈದು ಲೀಟರಿನ ಬಿಂದಿಗೆಯಲ್ಲಿ 28 ಬಿಂದಿಗೆ! ಬೋರ್‌ವೆಲ್ ನಲ್ಲಿಯ ಮುಂದೆ ಸಾಲು ನಿಂತು ಗೊತ್ತಿರುವ ಹುಡುಗಿಯರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಾಗಲಿಲ್ಲ.

ಕನ್ನಡದ ಪಿರಿಯಡ್ಡಿನಲ್ಲಿ ಮಳೆ ನಕ್ಷತ್ರಗಳು. ಮನೆಯ ಅಜ್ಜಿಯರಿಂದ ಮಳೆಯ ಗಾದೆ ಕೇಳಿ ಬರೆದುಕೊಂಡು ಬಂದಿದ್ದರು. "ಬಂದರೆ ಮಘೆ, ಹೋದರೆ ಹೊಗೆ" ಎಂದು ಒಬ್ಬ ಓದಿದ ಕೂಡಲೇ ಟೀಚರು ಕೇಳಿದರು: ಮಘೆ ಯಾವ ತಿಂಗಳಲ್ಲಿ? ಆಗಸ್ಟು. ಶೇಂಗಾ ನೆಲಕ್ಕೆ ಊಡು ಇಳಿಸುವ ಹೊತ್ತು. 2023ರ ಆಗಸ್ಟ್, 1901ರಿಂದ ಈಚೆಗೆ ದೇಶ ಕಂಡ ಅತ್ಯಂತ ಒಣ ಆಗಸ್ಟ್. ಆ ವರ್ಷ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ. ಶೇಂಗಾ ಕಿತ್ತಾಗ ಬುಡದಲ್ಲಿ ಏನೂ ಇರಲಿಲ್ಲವೆಂದು ಮೂರು ಮಕ್ಕಳು ಒಟ್ಟಿಗೇ ಹೇಳಿದರು. ಆದರೆ ಟೀಚರು ಅಲ್ಲಿಗೇ ಬಿಡಲಿಲ್ಲ. ಆ ವರ್ಷ ಎಲ್ ನಿನೊ ಇತ್ತು, ಒಂದು ಬರವನ್ನೇ ಹಿಡಿದು ಎಲ್ಲವೂ ಬದಲಾಯಿತು ಅನ್ನಬಾರದು ಎಂದರು. ಇವತ್ತಿನ ಮಳೆ-ಬಿಸಿಲು ಹವಾಮಾನ. ಮೂವತ್ತು ವರ್ಷದ ಸರಾಸರಿ ಕಟ್ಟಿದರೆ ವಾಯುಗುಣ. ಪತ್ರಿಕೆಗಳಲ್ಲಿ ನಾವು ಕಲಸಿಬಿಡುವ ಈ ಎರಡು ಮಾತುಗಳನ್ನು ಭಾಷೆಯ ಮೇಡಂ ಬೇರ್ಪಡಿಸಿದ್ದು ನನಗೆ ತುಂಬ ಹಿಡಿಸಿತು.

ಪರಿಸರವನ್ನು ಕಡ್ಡಾಯವಾಗಿ ಕಲಿಸಬೇಕೆಂದು ಸುಪ್ರೀಂ ಕೋರ್ಟ್ 1991ರಲ್ಲೇ ಹೇಳಿತ್ತು. ಅದು ಇನ್ನೊಂದು ವಿಷಯವಾಯಿತೇ ಹೊರತು ಉಳಿದ ವಿಷಯಗಳ ಒಳಗೆ ಇಳಿದದ್ದು ಕಡಿಮೆ. ಅಮೆರಿಕದ ನ್ಯೂಜೆರ್ಸಿ ರಾಜ್ಯ 2022ರ ಸೆಪ್ಟೆಂಬರಿನಿಂದ ಶಿಶುವಿಹಾರದಿಂದ 12ನೇ ತರಗತಿಯವರೆಗೂ, ಚಿತ್ರಕಲೆ, ಆಟ, ಅನ್ಯಭಾಷೆಯ ಪಾಠಗಳಲ್ಲೂ ವಾಯುಗುಣ ಬದಲಾವಣೆಯನ್ನು ಸೇರಿಸಿದೆ. ನಮ್ಮಲ್ಲಿ ಅದಕ್ಕೆ ಬೇಕಾದ ಗೋಡೆಪಟ ಆಗಲೇ ತೂಗುಹಾಕಿದೆ. ಮುಂದಿನ ಕ್ಲಾಸುಗಳಿಗೂ ಅದು ನಡೆದು ಬರಬೇಕು, ಅಷ್ಟೆ.

ಬಿಸಿಯೂಟದ ತಟ್ಟೆ ತೊಳೆಯುವ ಹೊತ್ತಿಗೆ ಐದನೇ ಕ್ಲಾಸಿನ ಹುಡುಗಿ ಮಳೆ ಪುಸ್ತಕ ತೋರಿಸಿದಳು. ಏಳರ ಹಿಂದೆ ಸಾಲಾಗಿ ಹನ್ನೊಂದು ಸೊನ್ನೆ.

"ಮಳೆ ಬರದ ದಿನ ಯಾಕೆ ಬರೀತೀಯವ್ವ?"

"ಬರೀದಿದ್ರೆ ನಾವು ನೋಡ್ಲಿಲ್ಲ ಅಂತ ಆಗ್ತೈತೆ ಸಾರ್" ಎಂದಳು. ಪುಸ್ತಕ ನನ್ನ ಕೈಯಲ್ಲೇ ಬಿಟ್ಟು, ಬಾಟಲಿಯ ಬಾಯಿಗೆ ಬಿದ್ದಿದ್ದ ಬೇವಿನ ಎಲೆ ತೆಗೆಯಲು ಓಡಿದಳು.