ಮನೆಯೊಳಗೊಂದು ಸ್ಕ್ಯಾನರ್

ಆಕಾಶವಾಣಿ ಬೆಂಗಳೂರು ಕೇಂದ್ರದ ಮಧ್ಯಮ ತರಂಗದ ಕಂಪನಾಂಕ 612 ಕಿಲೋಹರ್ಟ್ಸ್ ಎಂಬುದನ್ನು ನಿಮ್ಮ ಮನೆಯ ಹಿರಿಯರಲ್ಲಿ ಕೆಲವರಾದರೂ ಬಾಯಿಪಾಠವಾಗಿ ಹೇಳಬಲ್ಲರು. ರೇಡಿಯೋದ ಮುಳ್ಳನ್ನು ಅಲ್ಲಿಗೆ ತಂದು ನಿಲ್ಲಿಸಿದರೆ ಸಾಕಾಗಿತ್ತು. ಪ್ರದೇಶ ಸಮಾಚಾರ, ಕೃಷಿಕರ ಕಾರ್ಯಕ್ರಮ, ಚಿತ್ರಗೀತೆ, ನಾಟಕ ಎಲ್ಲವೂ ಸರದಿಯಂತೆ ಬರುತ್ತಿದ್ದವು. ಯಾವ ಹೊತ್ತಿಗೆ ಏನು ಬರುತ್ತದೆಂದು ಇಡೀ ಮನೆಗೇ ತಿಳಿದಿತ್ತು. ರೇಡಿಯೋ ಒಬ್ಬರ ಸ್ವತ್ತಾಗಿರಲಿಲ್ಲ, ಮನೆಮಂದಿಯೆಲ್ಲರದಾಗಿತ್ತು.

ಈಗ ಇನ್ನೊಂದು ಬಗೆಯ ರೇಡಿಯೋವನ್ನು ಊಹಿಸಿಕೊಳ್ಳಿ. ಅದು ಯಾವ ಕೇಂದ್ರದಲ್ಲೂ ನಿಲ್ಲುವುದಿಲ್ಲ. ಒಂದು ಕಂಪನಾಂಕದಿಂದ ಮತ್ತೊಂದಕ್ಕೆ, ಅಲ್ಲಿಂದ ಮಗದೊಂದಕ್ಕೆ ಕ್ಷಣಾರ್ಧದಲ್ಲಿ ಹಾರುತ್ತಲೇ ಇರುತ್ತದೆ. ಎಲ್ಲಿಯಾದರೂ ಯಾರಾದರೂ ಮಾತನಾಡುತ್ತಿದ್ದರೆ ಅಲ್ಲಿ ತಂಗುತ್ತದೆ, ಮಾತು ಮುಗಿದೊಡನೆ ಮತ್ತೆ ಓಟ ಕೀಳುತ್ತದೆ. ಅಗ್ನಿಶಾಮಕ ದಳ, ಆಂಬುಲೆನ್ಸ್, ಪೊಲೀಸ್, ವಿಮಾನ, ಹಡಗು, ರೈಲು, ಹೀಗೆ ಕೆಲಸದ ಮೇಲಿರುವವರು ತಮ್ಮ ತಮ್ಮಲ್ಲಿ ಆಡುವ ತುಂಡು ಮಾತುಗಳು ಅದರಲ್ಲಿ ಕೇಳಿಬರುತ್ತವೆ. ಇದಕ್ಕೆ ಸ್ಕ್ಯಾನರ್ ಎಂದು ಹೆಸರು. ಅಮೆರಿಕದಲ್ಲಿ 1970ರ ದಶಕದಿಂದೀಚೆಗೆ ಲಕ್ಷಾಂತರ ಮನೆಗಳಿಗೆ ಇದು ಪ್ರವೇಶಿಸಿತು. ಹಾಗೆ ಪ್ರವೇಶಿಸಿದ ಮನೆಗಳಲ್ಲಿ ಏನಾಯಿತು, ಹವ್ಯಾಸಿಯ ಹೆಂಡತಿ ಮಕ್ಕಳು, ತಂದೆ ತಾಯಿ ಇದನ್ನು ಹೇಗೆ ಕಂಡರು ಎಂಬುದೇ ಈ ಲೇಖನದ ವಿಷಯ.

ಮೊದಲು ಯಂತ್ರದ ವಿಚಾರ. ಹಿಂದಿನ ಸ್ಕ್ಯಾನರುಗಳಲ್ಲಿ ಒಂದೊಂದು ಕಂಪನಾಂಕಕ್ಕೂ ಒಂದೊಂದು ಸ್ಫಟಿಕವನ್ನು ಕೊಂಡು ಸಿಕ್ಕಿಸಬೇಕಾಗಿತ್ತು. ಎಂಟು ಕಂಪನಾಂಕ ಬೇಕೆಂದರೆ ಎಂಟು ಸ್ಫಟಿಕ. 1970ರ ದಶಕದ ಕೊನೆಯ ವೇಳೆಗೆ ಗುಂಡಿಗಳನ್ನು ಒತ್ತಿ ಸಂಖ್ಯೆಯನ್ನು ನಮೂದಿಸುವ ಮಾದರಿಗಳು ಬಂದವು. ಯಾರೂ ಮಾತನಾಡದಿರುವಾಗ ರೇಡಿಯೋದಲ್ಲಿ 'ಸೊರ್ರ್' ಎಂಬ ಸದ್ದು ಬರುತ್ತದಲ್ಲವೆ? ಅದನ್ನು ಅಡಗಿಸಲು 'ಸ್ಕ್ವೆಲ್ಚ್' ಎಂಬ ಮಂಡಲವಿದೆ. ಗೊತ್ತುಪಡಿಸಿದ ಮಟ್ಟಕ್ಕಿಂತ ಬಲವಾದ ಸಂಕೇತ ಬಂದರೆ ಮಾತ್ರ ಅದು ಧ್ವನಿವರ್ಧಕದ ಬಾಗಿಲನ್ನು ತೆರೆಯುತ್ತದೆ.

ಈ ಸಂಭಾಷಣೆಗಳು ಸಾಮಾನ್ಯವಾಗಿ ಅತಿ ಹೆಚ್ಚು ಕಂಪನಾಂಕದ ಅಲೆಗಳ ಮೇಲೆ ಸಾಗುತ್ತವೆ. ವಿಮಾನಗಳ ಮಾತುಕತೆ 118ರಿಂದ 137 ಮೆಗಾಹರ್ಟ್ಸ್ ನಡುವೆ, ಹಡಗುಗಳ ತುರ್ತು ಕರೆ 156.8 ಮೆಗಾಹರ್ಟ್ಸ್‌ನಲ್ಲಿ. ಇಂಥ ಅಲೆಗಳು ಹೆಚ್ಚುಕಡಿಮೆ ನೇರವಾಗಿ ಸಾಗುವುದರಿಂದ ಭೂಮಿಯ ಉಬ್ಬು ಅವಕ್ಕೆ ಅಡ್ಡ ಬರುತ್ತದೆ. ನೀವೇ ಲೆಕ್ಕ ಹಾಕಿ ನೋಡಬಹುದು. ಏರಿಯಲ್ಲಿನ ಎತ್ತರವನ್ನು ಮೀಟರಿನಲ್ಲಿ ತೆಗೆದುಕೊಂಡು ಅದರ ವರ್ಗಮೂಲವನ್ನು 4.12ರಿಂದ ಗುಣಿಸಿದರೆ ಅಲೆಯ ದಿಗಂತ ಎಷ್ಟು ಕಿಲೋಮೀಟರ್ ದೂರದಲ್ಲಿದೆ ಎಂಬುದು ಸುಮಾರಾಗಿ ಸಿಗುತ್ತದೆ. 9 ಮೀಟರ್ ಎತ್ತರದ ತಾರಸಿಗೆ 12 ಕಿಲೋಮೀಟರ್, 10,000 ಮೀಟರ್ ಎತ್ತರದ ವಿಮಾನಕ್ಕೆ 412 ಕಿಲೋಮೀಟರ್. ನೂರಾರು ಕಿಲೋಮೀಟರ್ ಆಚೆಯ ವಿಮಾನಚಾಲಕನ ದನಿ ಸ್ಪಷ್ಟವಾಗಿದ್ದು, ಮೂವತ್ತು ಕಿಲೋಮೀಟರ್ ಆಚೆಯ ಅಗ್ನಿಶಾಮಕ ವಾಹನದ ದನಿ ಅಡಗಿಹೋಗುವುದು ಇದರಿಂದಲೇ. ಹವ್ಯಾಸಿ ತಾರಸಿಯ ಮೇಲೆ ಇನ್ನೂ ಒಂದು ಕೊಳವೆ ನೆಡಬೇಕೆಂದು ಹಠ ಹಿಡಿಯುವುದೂ ಇದರಿಂದಲೇ. ಮನೆಯಲ್ಲಿ ಮೊದಲ ಜಗಳ ಹುಟ್ಟುವುದು ಬಹುಮಟ್ಟಿಗೆ ಅಲ್ಲಿಯೇ.

ಎರಡನೆಯದು ಸದ್ದಿನ ಜಗಳ. ಸಂಗೀತಕ್ಕೆ ಒಂದು ಓಟವಿರುತ್ತದೆ, ವಾರ್ತೆಗೆ ಮೊದಲು ಕೊನೆಯಿರುತ್ತದೆ. ಸ್ಕ್ಯಾನರಿಗೆ ಎರಡೂ ಇಲ್ಲ. ಹತ್ತು ನಿಮಿಷ ಗಪ್‌ಚಿಪ್ಪಾಗಿದ್ದು ಊಟಕ್ಕೆ ಕುಳಿತಾಗ ತಟ್ಟನೆ ಕೂಗುತ್ತದೆ. ಅಷ್ಟೇ ಆದರೆ ಸಹಿಸಿಕೊಳ್ಳಬಹುದಿತ್ತು. ಕೂಗಿದೊಡನೆ ಹವ್ಯಾಸಿಯು ಎದುರಿಗಿರುವವರ ಮಾತನ್ನು ಅರ್ಧಕ್ಕೆ ತಡೆದು 'ಶ್, ಒಂದು ನಿಮಿಷ' ಎಂದು ಕೈಯೆತ್ತುತ್ತಾನೆ. ಯಾರೋ ಗುರುತಿಲ್ಲದವನ ಮಾತಿಗಾಗಿ ಮನೆಯವರ ಮಾತು ನಿಂತಿತು! ಹೆಂಡತಿಗೆ ಸಿಟ್ಟು ಬಾರದಿದ್ದರೆ ಆಶ್ಚರ್ಯ. ಕಿವಿಗೆ ಹೆಡ್‌ಫೋನ್ ಹಾಕಿಕೊಂಡರೆ ಸದ್ದು ತಪ್ಪುತ್ತದೆ, ನಿಜ. ಆಗ ಮೂರು ಸಲ ಕರೆದರೂ ಓಗೊಡುವುದಿಲ್ಲವೆಂಬ ಹೊಸ ದೂರು ಸೇರಿಕೊಳ್ಳುತ್ತದೆ.

ಮೂರನೆಯ ಆಕ್ಷೇಪಣೆ ಗಂಭೀರವಾದುದು. 'ಬೇರೆಯವರ ಮಾತನ್ನು ಕದ್ದು ಕೇಳುವುದು ಒಂದು ಹವ್ಯಾಸವೆ?' ಎಂದು ಮಗಳೋ ತಾಯಿಯೋ ಕೇಳಿದರೆ ಏನು ಉತ್ತರ? ಆಕಾಶದಲ್ಲಿ ಹರಿದುಬರುವ ಅಲೆ ಎಲ್ಲರಿಗೂ ಸೇರಿದ್ದು, ನಾನು ಯಾರ ಬಾಗಿಲಿಗೂ ಕಿವಿಯಿಟ್ಟಿಲ್ಲ ಎಂದು ಹವ್ಯಾಸಿಗಳು ವಾದಿಸುತ್ತಾರೆ. ಅಮೆರಿಕದ ಕಾನೂನು ಇದನ್ನು ಅರ್ಧ ಒಪ್ಪುತ್ತದೆ. ಗುಪ್ತಲಿಪಿಗೆ ಒಳಪಡದ ಪೊಲೀಸ್ ಮತ್ತು ಅಗ್ನಿಶಾಮಕ ಸಂದೇಶಗಳನ್ನು ಆಲಿಸಲು ಅಲ್ಲಿ 1986ರ ಕಾಯಿದೆ ಅವಕಾಶ ಕೊಟ್ಟಿದೆ. ಆದರೆ ಹೀಗೆ ಕೇಳಿದ್ದನ್ನು ಸ್ವಂತ ಲಾಭಕ್ಕೆ ಬಳಸಿಕೊಳ್ಳುವ ವಿಷಯದಲ್ಲಿ 1934ರಿಂದಲೂ ಕಟ್ಟುಪಾಡುಗಳಿವೆ. ದೂರವಾಣಿ ಸಂಭಾಷಣೆಗೆ ಕಿವಿಗೊಡುವಂತಿಲ್ಲ. ಕೆಲವು ರಾಜ್ಯಗಳಲ್ಲಿ ಸ್ಕ್ಯಾನರನ್ನು ಕಾರಿನಲ್ಲಿ ಒಯ್ಯುವುದಕ್ಕೂ ನಿರ್ಬಂಧವಿದೆ. ಬ್ರಿಟನ್ನಿನಲ್ಲಿ ನಿಯಮ ಇನ್ನೂ ಬಿಗಿ. ತಮಗಾಗಿ ಅಲ್ಲದ ಸಂದೇಶವನ್ನು ಅನುಮತಿಯಿಲ್ಲದೆ ಆಲಿಸುವುದೇ ಅಲ್ಲಿ ಅಪರಾಧ. ಮನೆಯವರ ಪ್ರಶ್ನೆಯನ್ನೇ ಎರಡು ದೇಶಗಳು ಎರಡು ಬಗೆಯಾಗಿ ಉತ್ತರಿಸಿವೆ ಎನ್ನಬಹುದು.

ಇಷ್ಟಾದರೂ ಸ್ಕ್ಯಾನರನ್ನು ತಾವೇ ಬಯಸಿ ಅಡುಗೆಮನೆಯಲ್ಲಿಟ್ಟುಕೊಂಡ ಕುಟುಂಬಗಳೂ ಇವೆ. ಅಮೆರಿಕದ ಅಗ್ನಿಶಾಮಕ ಸಿಬ್ಬಂದಿಯಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಸ್ವಯಂಸೇವಕರು. ಹಗಲು ಅಂಗಡಿಯಲ್ಲೋ ಹೊಲದಲ್ಲೋ ದುಡಿಯುವವರು. ರಾತ್ರಿ ಕರೆ ಬಂದರೆ ಹಾಸಿಗೆಯಿಂದೆದ್ದು ಓಡುತ್ತಾರೆ. ಕರೆಗೆ ಮುನ್ನ ಎರಡು ವಿಶಿಷ್ಟ ಸ್ವರಗಳು ಮೊಳಗುವ ಪದ್ಧತಿ ಅನೇಕ ಕಡೆ ಇದೆ. ತಮ್ಮ ಠಾಣೆಯ ಸ್ವರ ಯಾವುದೆಂದು ಆ ಮನೆಯ ಚಿಕ್ಕ ಮಕ್ಕಳಿಗೂ ಗೊತ್ತಿರುತ್ತದೆ. ಗಂಡ ಹೊರಟುಹೋದ ಮೇಲೆ ಹೆಂಡತಿಯ ಮುಂದೆ ಎರಡು ದಾರಿಗಳಿರುತ್ತವೆ. ಒಂದು, ಸ್ಕ್ಯಾನರನ್ನು ಹಾಕಿಕೊಂಡು ಕೂರುವುದು. 'ಎಲ್ಲರೂ ಹೊರಗೆ ಬಂದಿದ್ದಾರೆ' ಎಂಬ ಒಂದು ವಾಕ್ಯಕ್ಕಾಗಿ, ಸಾಧ್ಯವಾದರೆ ಅವನದೇ ದನಿಗಾಗಿ ಕಾಯುವುದು. ಇನ್ನೊಂದು, ಅದನ್ನು ಆರಿಸಿ ಮಲಗಲು ಯತ್ನಿಸುವುದು.

ಎರಡೂ ಬಗೆಯವರು ಇದ್ದಾರೆ, ಇಬ್ಬರಲ್ಲೂ ತರ್ಕವಿದೆ. ಕೇಳುವವರಿಗೆ ಮೌನವೇ ಹೆಚ್ಚಿನ ಭಯ. ಕೇಳದವರ ಮಾತು ಬೇರೆ. ತುಂಡು ಮಾತು ಅರ್ಧ ಸುದ್ದಿಯನ್ನಷ್ಟೇ ಕೊಡುತ್ತದೆ, ಉಳಿದರ್ಧವನ್ನು ಮನಸ್ಸು ಕಟ್ಟಿಕೊಳ್ಳುತ್ತದೆ ಎನ್ನುತ್ತಾರೆ ಅವರು. 'ಒಬ್ಬರಿಗೆ ಗಾಯ' ಎಂದು ಕೇಳಿತು, ಹೆಸರು ಕೇಳಲಿಲ್ಲ. ಸ್ಕ್ಯಾನರ್ ಅಷ್ಟರಲ್ಲಿ ಬೇರೆ ಕಂಪನಾಂಕಕ್ಕೆ ಹಾರಿತು. ಮುಂದಿನ ಒಂದು ಗಂಟೆ ಆ ಮನೆಯಲ್ಲಿ ಹೇಗೆ ಕಳೆದೀತು ಎಂಬುದನ್ನು ನೀವೇ ಯೋಚಿಸಿ. ನನಗನ್ನಿಸುವಂತೆ, ಈ ಯಂತ್ರದ ಸ್ವಭಾವವನ್ನು ಈ ಹೆಂಗಸರು ಅರಿತಷ್ಟು ಚೆನ್ನಾಗಿ ಅದನ್ನು ಮಾರಿದವರೂ ಅರಿತಿರಲಾರರು.

ಅರ್ಧ ಸುದ್ದಿ ಎಷ್ಟು ಅನಾಹುತ ಮಾಡಬಲ್ಲದೆಂಬುದಕ್ಕೆ 2013ರ ಏಪ್ರಿಲ್‌ನಲ್ಲಿ ಬಾಸ್ಟನ್ ನಗರದಲ್ಲಿ ನಡೆದುದೇ ಸಾಕ್ಷಿ. ಮ್ಯಾರಥಾನ್ ಓಟದ ವೇಳೆ ಬಾಂಬುಗಳು ಸಿಡಿದವು. ಅಪರಾಧಿಗಳ ಬೇಟೆ ನಡೆದ ಆ ರಾತ್ರಿ ಅಸಂಖ್ಯ ಜನ ಪೊಲೀಸ್ ಸಂದೇಶಗಳಿಗೆ ಕಿವಿಗೊಟ್ಟು ಕುಳಿತಿದ್ದರು. ಒಬ್ಬ ಭಾರತೀಯ ಮೂಲದ ಕಾಲೇಜು ವಿದ್ಯಾರ್ಥಿಯ ಹೆಸರನ್ನು ಪೊಲೀಸರು ಉಚ್ಚರಿಸಿದರೆಂದು ಸುದ್ದಿ ಹಬ್ಬಿತು. ಆ ತರುಣ ಒಂದು ತಿಂಗಳಿಂದ ಕಾಣೆಯಾಗಿದ್ದ, ಮನೆಯವರು ಅವನನ್ನು ಹುಡುಕುತ್ತಿದ್ದರು. ಅವನಿಗೂ ಕೃತ್ಯಕ್ಕೂ ಯಾವ ಸಂಬಂಧವೂ ಇರಲಿಲ್ಲ. ಅನಂತರ ಧ್ವನಿಮುದ್ರಣವನ್ನು ಪರಿಶೀಲಿಸಿದ ಪತ್ರಕರ್ತರಿಗೆ ಆ ಹೆಸರು ಅದರಲ್ಲಿ ಎಲ್ಲಿಯೂ ಸಿಗಲಿಲ್ಲ. ಮಗನಿಗಾಗಿ ಹಂಬಲಿಸುತ್ತಿದ್ದ ತಂದೆ ತಾಯಿಯ ಮನೆಗೆ ಆ ರಾತ್ರಿ ಎಂಥೆಂಥ ದೂರವಾಣಿ ಕರೆಗಳು ಬಂದಿರಬಹುದು! ಈಚಿನ ವರ್ಷಗಳಲ್ಲಿ ಅಮೆರಿಕದ ಅನೇಕ ನಗರಗಳ ಪೊಲೀಸರು ತಮ್ಮ ಸಂದೇಶಗಳನ್ನು ಗುಪ್ತಲಿಪಿಗೆ ಅಳವಡಿಸುತ್ತಿದ್ದಾರೆ. ನ್ಯೂಯಾರ್ಕಿನಲ್ಲಿ ಇದು 2023ರಲ್ಲಿ ಆರಂಭವಾಯಿತು. ಹವ್ಯಾಸಿಗಳಿಗೆ ಬೇಸರ, ಕೆಲವು ಮನೆಗಳಲ್ಲಿ ನೆಮ್ಮದಿ.

ಕೇಳಿದವರನ್ನು ಮನೆಯವರು ನಂಬಿದ ಒಂದು ಪ್ರಸಂಗವನ್ನೂ ಹೇಳಬೇಕು. 1937ರ ಜುಲೈ ತಿಂಗಳು. ವಿಮಾನದಲ್ಲಿ ಭೂಪ್ರದಕ್ಷಿಣೆ ಹೊರಟಿದ್ದ ಅಮೀಲಿಯಾ ಇಯರ್‌ಹಾರ್ಟ್ ಪೆಸಿಫಿಕ್ ಸಾಗರದ ಮೇಲೆ ಕಣ್ಮರೆಯಾದರು. ಅತ್ತ ಫ್ಲಾರಿಡಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಬೆಟ್ಟಿ ಕ್ಲೆಂಕ್ ಎಂಬ ಹದಿನೈದು ವರ್ಷದ ಹುಡುಗಿ ಮನೆಯ ರೇಡಿಯೋದ ಹ್ರಸ್ವ ತರಂಗವನ್ನು ಸುಮ್ಮನೆ ತಿರುಗಿಸುತ್ತಿದ್ದಳು. ಆಗ ನೆರವಿಗಾಗಿ ಮೊರೆಯಿಡುವ ಹೆಂಗಸಿನ ದನಿಯೊಂದು ಕೇಳಿತು. ಹಾಡುಗಳನ್ನು ಗೀಚಿಡುತ್ತಿದ್ದ ನೋಟ್‌ಬುಕ್ಕಿನಲ್ಲಿಯೇ ಕೇಳಿದಷ್ಟನ್ನು ಬರೆದುಕೊಂಡಳು. ಕೆಲಸದಿಂದ ಮರಳಿದ ತಂದೆ ಗದರಲಿಲ್ಲ, ತಾನೂ ಕುಳಿತು ಆಲಿಸಿದ. ಬಳಿಕ ಕರಾವಳಿ ರಕ್ಷಣಾ ಪಡೆಯವರಲ್ಲಿಗೆ ಹೋಗಿ ವಿಷಯ ತಿಳಿಸಿದ. ಅವರು ಲಕ್ಷಿಸಲಿಲ್ಲ. ಆಕೆ ಕೇಳಿದ್ದು ನಿಜವಾಗಿ ಇಯರ್‌ಹಾರ್ಟ್ ದನಿಯೇ ಎಂಬುದರ ಬಗ್ಗೆ ಇಂದಿಗೂ ವಾದವಿದೆ. ಬೆಟ್ಟಿ ಮಾತ್ರ ಆ ನೋಟ್‌ಬುಕ್ಕನ್ನು ದಶಕಗಳ ಕಾಲ ಜೋಪಾನವಾಗಿ ಇಟ್ಟುಕೊಂಡಿದ್ದಳು.

ನಮ್ಮಲ್ಲಿಯ ಮಾತಿಗೆ ಬರೋಣ. ಇದನ್ನೋದಿ ನೀವು ನಾಳೆಯೇ ಸ್ಕ್ಯಾನರ್ ತರಲು ಹೊರಟೀರಿ! ಭಾರತದಲ್ಲಿ ಪೊಲೀಸರ ಅಥವಾ ಇತರರ ನಿಸ್ತಂತು ಸಂದೇಶಗಳನ್ನು ಅನುಮತಿಯಿಲ್ಲದೆ ಸೆರೆಹಿಡಿಯುವಂತಿಲ್ಲ. ಇದಕ್ಕೆ 2023ರ ದೂರಸಂಪರ್ಕ ಕಾಯಿದೆಯಲ್ಲಿ ಮೂರು ವರ್ಷದವರೆಗೆ ಸೆರೆವಾಸದ ಶಿಕ್ಷೆಯೂ ಇದೆ. ಆದರೆ ಕುತೂಹಲಕ್ಕೆ ಬೇರೆ ದಾರಿಗಳುಂಟು. ಹ್ರಸ್ವ ತರಂಗದಲ್ಲಿ ಪ್ರಸಾರವಾಗುವ ದೇಶವಿದೇಶಗಳ ಕೇಂದ್ರಗಳನ್ನು ಧಾರಾಳವಾಗಿ ಆಲಿಸಬಹುದು. ಏಕೆಂದರೆ ಅವು ಎಲ್ಲರಿಗಾಗಿಯೇ ಇರುವಂಥವು. ಇನ್ನೂ ಮುಂದೆ ಹೋಗುವ ಆಸೆಯಿದ್ದರೆ, ಹನ್ನೆರಡು ವರ್ಷ ತುಂಬಿದವರು ಪರೀಕ್ಷೆ ಬರೆದು ಹ್ಯಾಮ್ ಪರವಾನಗಿ ಪಡೆಯಬಹುದು.

ಆಗಲೂ ಮನೆಯವರ ಆಕ್ಷೇಪಣೆ ಇದ್ದೇ ಇರುತ್ತದೆ. 'ಪಿಯುಸಿ ಪರೀಕ್ಷೆ ತಲೆಯ ಮೇಲಿದೆ, ಈ ಗೊರಗೊರ ಏನು ನಿನ್ನದು?' ಎಂದು ಅಮ್ಮ ಕೇಳದಿರಲಾರರು. ತಾರಸಿಯ ಮೇಲೆ ತಂತಿ ಎಳೆದರೆ ಬಟ್ಟೆ ಒಣಹಾಕುವುದಕ್ಕೆ ಅಡ್ಡಿ, ಬಾಡಿಗೆ ಮನೆಯಾದರೆ ಮಾಲೀಕರ ಕಿರಿಕಿರಿ, ಸಿಡಿಲಿನ ಭಯ. ಕೊನೆಯದನ್ನು ತಮಾಷೆಯೆಂದು ತಳ್ಳಿಹಾಕಬೇಡಿ. ಗುಡುಗು ಆರಂಭವಾಗುವುದಕ್ಕೆ ಮೊದಲೇ ಏರಿಯಲ್ಲನ್ನು ರೇಡಿಯೋದಿಂದ ಕಳಚಿಡಬೇಕು. ತಂತಿಯನ್ನು ವಿದ್ಯುತ್ ಕಂಬದ ಹತ್ತಿರ ಎಂದೂ ಎಳೆಯಬಾರದು. ಮನೆಯವರಿಗೆ ಕೇಳಿಸುವಂಥದ್ದನ್ನು ಆಗಾಗ ಕೇಳಿಸುವುದೂ ಒಳ್ಳೆಯ ಉಪಾಯ. 2004ರ ಡಿಸೆಂಬರಿನಲ್ಲಿ ಸುನಾಮಿ ಅಪ್ಪಳಿಸಿದಾಗ ದೆಹಲಿಯ ಹ್ಯಾಮ್ ಭಾರತಿ ಪ್ರಸಾದ್ ತಮ್ಮ ತಂಡದೊಂದಿಗೆ ಪೋರ್ಟ್ ಬ್ಲೇರ್‌ನಲ್ಲಿದ್ದರು. ದೂರವಾಣಿ ಕಡಿದುಹೋಗಿದ್ದ ಆ ದಿನಗಳಲ್ಲಿ ದ್ವೀಪದಲ್ಲಿರುವವರು ಕ್ಷೇಮವಾಗಿದ್ದಾರೆಂಬ ವಾರ್ತೆ ಅವರ ರೇಡಿಯೋ ಮೂಲಕ ಅದೆಷ್ಟೋ ಮನೆಗಳನ್ನು ತಲುಪಿತು.

ಎರಡನೆಯ ಮಹಾಯುದ್ಧದ ಕಾಲದ ಒಂದು ಸಂಗತಿಯೂ ಇದೇ ಜಾತಿಯದು. ಬರ್ಲಿನ್ ಬಾನುಲಿ ಇಂಗ್ಲಿಷಿನಲ್ಲಿ ಪ್ರಚಾರ ಭಾಷಣಗಳನ್ನು ಬಿತ್ತರಿಸುತ್ತಿತ್ತು. ಅಮೆರಿಕನ್ನರು ಅದನ್ನು ಆಲಿಸಲೆಂದು, ಸೆರೆಸಿಕ್ಕ ಸೈನಿಕರ ಹೆಸರು ಮತ್ತು ಮನೆಯ ವಿಳಾಸಗಳನ್ನು ನಡುನಡುವೆ ಓದುತ್ತಿದ್ದರು. ಹ್ರಸ್ವ ತರಂಗದ ಹವ್ಯಾಸಿಗಳು ಪ್ರಚಾರವನ್ನು ಬಿಟ್ಟು ವಿಳಾಸಗಳನ್ನಷ್ಟೇ ಬರೆದುಕೊಂಡರು. ಮಾರನೆಯ ದಿನ ಆ ಸೈನಿಕರ ತಾಯಂದಿರಿಗೆ, ಹೆಂಡಿರಿಗೆ 'ನಿಮ್ಮವರು ಬದುಕಿದ್ದಾರೆ' ಎಂದು ಅಂಚೆಕಾರ್ಡು ಹಾಕಿದರು. 1943ರಲ್ಲಿ ರಾಬರ್ಟ್ ಸ್ಪಾರ್ ಎಂಬ ಸೈನಿಕ ಸೆರೆಸಿಕ್ಕಾಗ ಅವನ ತಾಯಿಗೆ ದೇಶದ ನಾನಾ ಮೂಲೆಗಳಿಂದ ಹತ್ತಾರು ಕಾಗದಗಳು ಬಂದವು. ಬರೆದವರಲ್ಲಿ ಆಕೆಗೆ ಪರಿಚಯದವರು ಯಾರೂ ಇರಲಿಲ್ಲ. ಆಕೆ ಒಂದನ್ನೂ ಎಸೆಯಲಿಲ್ಲ. ಅವೆಲ್ಲ ಮುಂದೆ ರಾಬರ್ಟ್‌ನ ಮೊಮ್ಮಗಳು ಲೀಸಾ ಸ್ಪಾರ್ ಕೈಗೆ ಸಿಕ್ಕವು. ಆಕೆ ಆ ಕಾಗದಗಳನ್ನು ಬರೆದವರ ಮನೆಗಳನ್ನು ಒಂದೊಂದಾಗಿ ಹುಡುಕುತ್ತ ಹೊರಟಳು.